ಅಲ್ಟಿಮೇಟ್ ಸ್ಪೈಡರ್‌ಮ್ಯಾನ್, ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್, ಇನ್‌ವಿನ್ಸಿಬಲ್: ನನ್ನ ದುಡ್ಡು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ನನ್ನ ಓಟು ಮಾರ್ವೆಲ್‌ನ ಅಲ್ಟಿಮೇಟ್ ಸಾಲಿಗೆ. ಅದರಲ್ಲೂ ಜೊನಾಥನ್ ಹಿಕ್‌ಮನ್ ಬರೆದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ಗೆ. ಮಾರ್ವೆಲ್‌ನ ಎದುರಾಳಿ ಪ್ರಕಾಶಕ ಡೀಸಿಯ ಅಬ್ಸಲ್ಯೂಟ್ ಸಾಲು ಏನೂ ಕಮ್ಮಿ ಇಲ್ಲ. ಚಿತ್ರದ ವಿಷಯಕ್ಕೆ ಬಂದರೆ ಅದೇ ಒಂದು ಕೈ ಮೇಲು. ಇಮೇಜ್ ಅನ್ನುವ ಇನ್ನೊಂದು ಪ್ರಕಾಶನದವರ ಇನ್‌ವಿನ್ಸಿಬಲ್ ಅಂತೂ ಕೊಟ್ಟ ಕಾಸಿಗೆ ಮೋಸವಿಲ್ಲ. ಆದರೂ ಯಾರಾದರೂ ಬಂದು, ಸೂಪರ್‌ಹೀರೊ ಕಾಮಿಕ್ಸ್ ಈಗ ಶುರು ಮಾಡಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದರೆ, ನಾನು ಹೇಳುವುದು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಮೊದಲ ಸಂಪುಟದ ಹೆಸರನ್ನೇ.

ಕಾರಣ ಒಂದೇ. ಅದು ಮುಗಿಯುವ ಕಥೆ.

ಕಾಮಿಕ್ಸ್ ಓದುವವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಸೂಪರ್‌ಮ್ಯಾನ್ ಬರುವ ಆ್ಯಕ್ಷನ್ ಕಾಮಿಕ್ಸ್ 2018ರಲ್ಲಿ ಸಾವಿರನೇ ಸಂಚಿಕೆ ಮುಟ್ಟಿತು, ಬ್ಯಾಟ್‌ಮ್ಯಾನ್ ಬರುವ ಡಿಟೆಕ್ಟಿವ್ ಕಾಮಿಕ್ಸ್ 2019ರಲ್ಲಿ. ಈ ಹೀರೊಗಳಿಗೆ ವಯಸ್ಸಾಗುವುದಿಲ್ಲ. ಸತ್ತರೂ ಸ್ವಲ್ಪ ದಿನದಲ್ಲೇ ಎದ್ದು ಬರುತ್ತಾರೆ. ಮದುವೆಯೂ ನಿಲ್ಲುವುದಿಲ್ಲ. ಸ್ಪೈಡರ್‌ಮ್ಯಾನ್ ಮುಖವಾಡದ ಹಿಂದಿನ ಪೀಟರ್ ಪಾರ್ಕರ್ ಮತ್ತು ಮೇರಿ ಜೇನ್ ಮದುವೆ 1987ರಲ್ಲಿ ಆಯಿತು. 2007ರಲ್ಲಿ ಮೆಫಿಸ್ಟೊ ಅನ್ನುವ ಸೈತಾನನ ಜೊತೆ ಒಪ್ಪಂದ ಮಾಡಿಸಿ ಆ ಮದುವೆಯೇ ನಡೆದಿಲ್ಲ ಅಂತ ಮಾಡಿಬಿಟ್ಟರು. ಇಪ್ಪತ್ತು ವರ್ಷ ಅವರ ಸಂಸಾರ ಓದಿದವರ ಗತಿ ಏನು, ಹೇಳಿ.

ಇದರಲ್ಲಿ ಬರೆಯುವವರ ತಪ್ಪು ಜಾಸ್ತಿ ಇಲ್ಲ. ಮಾರ್ವೆಲ್ 2009ರಿಂದ ಡಿಸ್ನಿಯ ಕೈಯಲ್ಲಿದೆ, ಡೀಸಿ ವಾರ್ನರ್ ಕೈಯಲ್ಲಿ. ಸಿನಿಮಾ, ಆಟಿಕೆ, ಶಾಲೆ ಬ್ಯಾಗು, ಟೀ ಶರ್ಟು, ಎಲ್ಲದರ ಮೇಲೂ ಈ ಮುಖಗಳು ದುಡಿಯುತ್ತಿವೆ. ದುಡಿಯುವ ಮುಖವನ್ನು ಯಾರು ಮುದಿಯಾಗಲು ಬಿಡುತ್ತಾರೆ? ಹಾಗಾಗಿ ಮುಖ್ಯ ಕಥೆಯಲ್ಲಿ ಏನೇ ಆದರೂ ಕೊನೆಗೆ ಎಲ್ಲ ಮೊದಲಿನ ಜಾಗಕ್ಕೇ ಬಂದು ಕೂರಬೇಕು. ನಿಜವಾಗಿ ಏನಾದರೂ ಬದಲಾಗಬೇಕು ಅಂದರೆ ಬೇರೆ ಲೋಕವೇ ಬೇಕು. ಅಲ್ಟಿಮೇಟ್, ಅಬ್ಸಲ್ಯೂಟ್ ಎರಡೂ ಹುಟ್ಟಿದ್ದು ಹಾಗೆ.

ನನ್ನ ಅಭ್ಯಾಸವನ್ನೂ ಹೇಳಬೇಕು, ಯಾಕೆಂದರೆ ತೀರ್ಪು ಅದರ ಮೇಲೇ ನಿಂತಿದೆ. ನಾನು ಓದುವುದು ಕಾಗದದಲ್ಲಿ, ರಾತ್ರಿ, ಮಲಗಿಕೊಂಡು. ಬಿಡಿ ಸಂಚಿಕೆ ತರಿಸುವುದಿಲ್ಲ. ಇಪ್ಪತ್ತು ಚಿಲ್ಲರೆ ಪುಟಕ್ಕೆ ನಾಲ್ಕೈದು ಡಾಲರ್ ಮುಖಬೆಲೆ, ಅದರ ಮೇಲೆ ಆಮದಿನ ಖರ್ಚು. ಅಷ್ಟು ನನ್ನಿಂದ ಆಗುವುದಿಲ್ಲ. ಐದಾರು ಸಂಚಿಕೆ ಸೇರಿಸಿದ ಪೇಪರ್‌ಬ್ಯಾಕ್ ಬರುವವರೆಗೆ ಕಾಯುತ್ತೇನೆ. ಮನೆಯ ಸಾಲದ ಕಂತು, ಮಗಳ ಶಾಲೆ ಫೀಸು ಕಟ್ಟಿ ಉಳಿದದ್ದರಲ್ಲಿ ಪುಸ್ತಕ. ಬೆಂಗಳೂರಿನ ಎರಡು ಕೋಣೆ ಮನೆಯಲ್ಲಿ ಕಾಮಿಕ್ಸ್‌ಗೆ ಸಿಕ್ಕಿರುವುದು ಒಂದೇ ರ್‍ಯಾಕ್. ಒಂದು ಬಂದರೆ ಒಂದು ಹೋಗಬೇಕು. ಇಂಥವನಿಗೆ ಕೊನೆಯಿಲ್ಲದ ಕಥೆ ಅಂದರೆ ಕೊನೆಯಿಲ್ಲದ ಖರ್ಚು.

ಅಲ್ಟಿಮೇಟ್ ನನಗೆ ಯಾಕೆ ಹಿಡಿಸಿತು

ಹಿನ್ನೆಲೆ ಚಿಕ್ಕದಾಗಿ. ಮೇಕರ್ ಅನ್ನುವವನೊಬ್ಬ ಇದ್ದಾನೆ, ಫೆಂಟಾಸ್ಟಿಕ್ ಫೋರ್ ತಂಡದ ವಿಜ್ಞಾನಿ ರೀಡ್ ರಿಚರ್ಡ್ಸ್‌ನ ಕೆಟ್ಟುಹೋದ ರೂಪ. 2023ರ ಅಲ್ಟಿಮೇಟ್ ಇನ್‌ವೇಷನ್‌ನಲ್ಲಿ ಅವನು ಇನ್ನೊಂದು ಲೋಕಕ್ಕೆ ಹೋಗಿ, ಅಲ್ಲಿ ಯಾರೂ ಹೀರೊ ಆಗದ ಹಾಗೆ ಇತಿಹಾಸವನ್ನೇ ತಿದ್ದಿಬಿಡುತ್ತಾನೆ. ಆ ಲೋಕದಲ್ಲಿ ಪೀಟರ್ ಪಾರ್ಕರ್‌ಗೆ ಹದಿಹರೆಯದಲ್ಲಿ ಜೇಡ ಕಚ್ಚಲೇ ಇಲ್ಲ. ಅವನು ಬೆಳೆದ, ಕೆಲಸಕ್ಕೆ ಸೇರಿದ, ಮೇರಿ ಜೇನ್‌ಳನ್ನು ಮದುವೆಯಾದ. ಇಬ್ಬರು ಮಕ್ಕಳು, ರಿಚರ್ಡ್ ಮತ್ತು ಮೇ. ಮೂವತ್ತು ದಾಟಿದ ಮೇಲೆ ಆ ಜೇಡ ಅವನ ಹತ್ತಿರ ಬರುತ್ತದೆ, ಅದೂ ಟೋನಿ ಸ್ಟಾರ್ಕ್ (ಮುಖ್ಯ ಕಥೆಗಳ ಐರನ್ ಮ್ಯಾನ್) ಕಳಿಸಿದ್ದು. ಬೇಕಾದರೆ ಕಚ್ಚಿಸಿಕೋ, ಬೇಡವಾದರೆ ಬಿಡು.

2024ರ ಜನವರಿಯಲ್ಲಿ ಮೊದಲ ಸಂಚಿಕೆ ಬಂತು. ಚಿತ್ರ ಮಾರ್ಕೊ ಕೆಕೆಟ್ಟೊ, ಮಧ್ಯೆ ಮಧ್ಯೆ ಡೇವಿಡ್ ಮೆಸಿನಾ. ಒಂದು ನಿಯಮ ಇಟ್ಟುಕೊಂಡರು: ಹೊರಗೆ ಒಂದು ತಿಂಗಳಾದರೆ ಕಥೆಯೊಳಗೂ ಒಂದು ತಿಂಗಳು. ಮೇಕರ್ ಬಂದಿಯಾಗಿರುವ ನಗರದ ಬಾಗಿಲು ಎರಡು ವರ್ಷಕ್ಕೆ ತೆರೆಯುತ್ತದೆ, ಅಷ್ಟರೊಳಗೆ ಹೀರೊಗಳು ತಯಾರಾಗಬೇಕು. ಮೊದಲ ದಿನದಿಂದಲೇ ಗಡಿಯಾರ ಓಡುತ್ತಿದೆ. 2026ರ ಏಪ್ರಿಲ್‌ಗೆ ಇಡೀ ಸಾಲು ಮುಕ್ತಾಯ, ಸ್ಪೈಡರ್‌ಮ್ಯಾನ್ 24 ಸಂಚಿಕೆಗೆ ಮುಗಿತಾಯ ಅಂತ ಮಾರ್ವೆಲ್ 2025ರಲ್ಲೇ ಘೋಷಿಸಿತು. ಆರು ಆರು ಸಂಚಿಕೆಯಂತೆ ನಾಲ್ಕು ಪೇಪರ್‌ಬ್ಯಾಕ್. ಲೆಕ್ಕ ಮುಗಿಯಿತು. ಎಷ್ಟು ದುಡ್ಡು ಬೇಕು, ರ್‍ಯಾಕ್‌ನಲ್ಲಿ ಎಷ್ಟು ಜಾಗ ಬೇಕು, ಎಲ್ಲ ಮುಂಚೆಯೇ ಗೊತ್ತು.

ಬರೀ ಲೆಕ್ಕಕ್ಕೇ ಇಷ್ಟವಾಯಿತು ಅಂದುಕೊಳ್ಳಬೇಡಿ. ನಾಲ್ಕನೇ ಸಂಚಿಕೆ ನೋಡಿ. ಪೀಟರ್, ಮೇರಿ ಜೇನ್ ಒಂದು ಕಡೆ, ಹ್ಯಾರಿ ಆಸ್ಬೋರ್ನ್, ಅವನ ಹೆಂಡತಿ ಗ್ವೆನ್ ಸ್ಟೇಸಿ ಇನ್ನೊಂದು ಕಡೆ. ಒಂದು ಹೋಟೆಲಿನ ಮೇಜು. ಹೆಚ್ಚುಕಡಿಮೆ ಇಡೀ ಸಂಚಿಕೆ ಆ ಊಟವೇ. ಇಬ್ಬರು ಗಂಡಸರ ಮನೆಯಲ್ಲೂ ಮುಖವಾಡ ಇದೆ, ಅದು ಓದುವ ನಮಗೆ ಗೊತ್ತು. ಗಂಡ ಮಾತಾಡುವಾಗ ಹೆಂಡತಿಯ ಕಣ್ಣು ಎಲ್ಲಿ ಹೋಗುತ್ತದೆ, ಯಾರು ಲೋಟ ಎತ್ತುತ್ತಾರೆ, ಯಾರು ಸುಮ್ನೆ ನಗುತ್ತಾರೆ, ಇದನ್ನೇ ನೋಡುತ್ತಾ ಕೂರುತ್ತೇವೆ. ಗೋಡೆ ಹತ್ತುವುದಕ್ಕಿಂತ ಇದೇ ಜಾಸ್ತಿ ಹಿಡಿದು ಕೂರಿಸುತ್ತದೆ. ಮಾತು ಬರೆಯಲು ಬಂದವರು ಮಾತ್ರ ಇಂಥ ಧೈರ್ಯ ಮಾಡಲು ಸಾಧ್ಯ.

ಇನ್ನೊಂದು ಎಳೆ ಇದೆ. ಈ ಲೋಕದಲ್ಲಿ ಬೆನ್ ಚಿಕ್ಕಪ್ಪ ಬದುಕಿದ್ದಾನೆ, ಮೇ ಚಿಕ್ಕಮ್ಮ ಇಲ್ಲ. ಬೆನ್ ಮತ್ತು ಜೆ. ಜೋನಾ ಜೇಮ್ಸನ್ ಹಳೇ ದೋಸ್ತಿಗಳು, ಡೈಲಿ ಬ್ಯೂಗಲ್‌ನಲ್ಲಿ ಒಟ್ಟಿಗೆ ದುಡಿದವರು. ಪತ್ರಿಕೆ ಖಳನಾಯಕ ವಿಲ್ಸನ್ ಫಿಸ್ಕ್ ಕೈಯಲ್ಲಿದೆ ಅಂತಾದ ಮೇಲೆ ಕೆಲಸ ಬಿಟ್ಟು ಸ್ವಂತ ಪತ್ರಿಕೆ ಶುರು ಮಾಡುತ್ತಾರೆ. ವಯಸ್ಸಾದ ಇಬ್ಬರು ಕೂತು ಸುದ್ದಿ, ಮಾಲೀಕರು, ಮರ್ಯಾದೆ ಅಂತ ಜಗಳವಾಡುವ ಪುಟಗಳಿಗಾಗಿಯೇ ನಾನು ಮುಂದಿನ ಸಂಪುಟ ಕಾದದ್ದಿದೆ.

ಕೊರತೆ ಇಲ್ಲವೇ? ಇದೆ. ತಿಂಗಳಿಗೊಂದು ಸಂಚಿಕೆ, ತಿಂಗಳಿಗೊಂದು ತಿಂಗಳು ಅಂದಾಗ ಮಧ್ಯೆ ಆದದ್ದೆಲ್ಲ ಹಾರಿಹೋಗುತ್ತದೆ. ಹೋದ ಸಂಚಿಕೆಯಲ್ಲಿ ಉಸಿರು ಬಿಗಿ ಹಿಡಿಸಿದ್ದು ಈ ಸಂಚಿಕೆಯಲ್ಲಿ ಒಂದು ಸಾಲಿನ ಮಾತಾಗಿ ಮುಗಿದಿರುತ್ತದೆ. ಎರಡನೇ ವರ್ಷದಲ್ಲಿ ಕ್ರೇವನ್ ಅನ್ನುವ ಬೇಟೆಗಾರ ಖಳ ಬಂದ ಮೇಲೆ ಸ್ವಲ್ಪ ಎಳೆದಾಟವೂ ಇದೆ. ಚಿತ್ರಕಾರ ಬದಲಾದಾಗ ಕಣ್ಣಿಗೆ ತಟ್ಟುತ್ತದೆ. ಕೆಕೆಟ್ಟೊ ಬರೆದ ಮುಖದ ಸುಕ್ಕು ಮುಂದಿನ ಸಂಚಿಕೆಗೆ ಮಾಯ.

ಅದೇ ಸಾಲಿನ ಉಳಿದವು: ಡೆನಿಜ್ ಕ್ಯಾಂಪ್ ಬರೆದ, ಹೀರೊಗಳ ತಂಡದ ಕಥೆ ದಿ ಅಲ್ಟಿಮೇಟ್ಸ್ ಬಿಡಬೇಡಿ. ಪೀಚ್ ಮೊಮೊಕೊ ತಾವೇ ಬರೆದು ಚಿತ್ರಿಸಿದ ಅಲ್ಟಿಮೇಟ್ ಎಕ್ಸ್‌ಮೆನ್ ಜಪಾನಿನಲ್ಲಿ ನಡೆಯುವ ದೆವ್ವದ ಕಥೆಯ ಹಾಗಿದೆ, ಎಲ್ಲರಿಗೂ ಒಗ್ಗುವುದಿಲ್ಲ, ನನಗೆ ಒಗ್ಗಿತು. ಬ್ಲ್ಯಾಕ್ ಪ್ಯಾಂಥರ್ ನಿಧಾನ. ಅರ್ಧಕ್ಕೆ ಬಿಟ್ಟೆ.

ಅಬ್ಸಲ್ಯೂಟ್: ಕಣ್ಣಿಗೆ ಹಬ್ಬ, ಆದರೆ

ಡೀಸಿಯವರು 2024ರ ಅಕ್ಟೋಬರ್‌ನಲ್ಲಿ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ತಂದರು. ಬರೆದದ್ದು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೊಟ್ಟ. ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇಯ್ನ್ ಮುಖ್ಯ ಕಥೆಗಳಲ್ಲಿ ಕೋಟ್ಯಧಿಪತಿ, ಇಲ್ಲಿ ಅವನ ಬಳಿ ದುಡ್ಡೇ ಇಲ್ಲ. ಅಪ್ಪ ಶಾಲೆಯ ಮೇಷ್ಟ್ರು, ಮೃಗಾಲಯದಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸತ್ತವರು. ಅಮ್ಮ ಮಾರ್ಥಾ ಬದುಕಿದ್ದಾಳೆ. ಬ್ರೂಸ್ ಎಂಜಿನಿಯರ್, ಊರಿನ ಸೇತುವೆ, ಚರಂಡಿ, ಸುರಂಗ ಎಲ್ಲ ಅರೆದು ಕುಡಿದವನು. ಪೆಂಗ್ವಿನ್, ರಿಡ್ಲರ್, ಟೂ ಫೇಸ್ ಅನ್ನುವ ಖಳರಾಗಬೇಕಾದವರೆಲ್ಲ ಇಲ್ಲಿ ಅವನ ಚಡ್ಡಿ ದೋಸ್ತುಗಳು. ಕೋಟ್ಯಧಿಪತಿ ಯಾರು ಅಂದರೆ ಅವನ ಪರಮವೈರಿ ಜೋಕರ್!

ಆಳು ಗೋಡೆಯಷ್ಟು ಅಗಲ. ಎದೆ ಮೇಲಿನ ಬಾವಲಿ ಲಾಂಛನ ಕಿತ್ತು ಹಿಡಿಕೆಗೆ ಸಿಕ್ಕಿಸಿದರೆ ಕೊಡಲಿ. ಕಿವಿಗಳು ಚಾಕು. ಕೇಳಿದರೆ ನಗು ಬರುತ್ತದೆ, ಆದರೆ ಡ್ರಗೊಟ್ಟ ಬರೆದ ಪುಟದಲ್ಲಿ ನೋಡಿದರೆ ನಗು ಬರುವುದಿಲ್ಲ. ಸಣ್ಣ ಸಣ್ಣ ಚೌಕ ಜೋಡಿಸಿ ಜೋಡಿಸಿ, ಇದ್ದಕ್ಕಿದ್ದ ಹಾಗೆ ಪುಟ ಪೂರ್ತಿ ಆ ದೇಹವನ್ನು ನಿಲ್ಲಿಸುತ್ತಾನೆ. ಪುಟ ತಿರುಗಿಸಿದ ಕೈ ಅಲ್ಲೇ ನಿಲ್ಲುತ್ತದೆ.

ನನ್ನ ಪ್ರಕಾರ ಇದಕ್ಕಿಂತಲೂ ಮೇಲಿನದ್ದು ಕೆಲ್ಲಿ ಥಾಮ್ಸನ್ ಮತ್ತು ಹೇಡನ್ ಶೆರ್ಮನ್ ಅವರ ಅಬ್ಸಲ್ಯೂಟ್ ವಂಡರ್ ವುಮನ್. ವಂಡರ್ ವುಮನ್ ಆಗುವ ಡಯಾನಾ ಇಲ್ಲಿ ಬೆಳೆದದ್ದು ಅಮೆಜಾನ್ ಹೆಣ್ಣುಯೋಧರ ದ್ವೀಪದಲ್ಲಲ್ಲ, ನರಕದಲ್ಲಿ. ಸಾಕಿದವಳು ಮಾಟಗಾತಿ ಸರ್ಸಿ. ಎಲುಬಿನ ರೆಕ್ಕೆಕುದುರೆ, ತನ್ನಷ್ಟೇ ಎತ್ತರದ ಕತ್ತಿ. ಇಷ್ಟೆಲ್ಲ ಇದ್ದೂ ಹುಡುಗಿಯ ಮನಸ್ಸು ಮೆತ್ತಗೆ. ನರಕದಲ್ಲಿ ಬೆಳೆದರೂ ಸಿಡುಕಿಲ್ಲ. ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್‌ನಲ್ಲಿ 2025ರಲ್ಲಿ ಅತ್ಯುತ್ತಮ ಹೊಸ ಸರಣಿ ಅಂತ ಇದಕ್ಕೇ ಕೊಟ್ಟರು, ಸರಿಯಾಗಿಯೇ ಕೊಟ್ಟರು.

ಹಾಗಾದರೆ ಓಟು ಯಾಕೆ ಇದಕ್ಕಿಲ್ಲ? ಈ ಇಡೀ ಸಾಲು ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಿಲ್ಲ. ಬ್ಯಾಟ್‌ಮ್ಯಾನ್, ವಂಡರ್ ವುಮನ್, ಸೂಪರ್‌ಮ್ಯಾನ್ ಜೊತೆ 2025ರಲ್ಲಿ ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್, ಮಾರ್ಷಿಯನ್ ಮ್ಯಾನ್‌ಹಂಟರ್ ಸೇರಿಕೊಂಡವು. ಚೆನ್ನಾಗಿ ಮಾರಾಟವಾಗುತ್ತಿದೆ. ಚೆನ್ನಾಗಿ ಮಾರಾಟವಾಗುವ ಸೂಪರ್‌ಹೀರೊ ಕಥೆಯನ್ನು ಸಾಮಾನ್ಯವಾಗಿ ಯಾವ ಪ್ರಕಾಶಕ ನಿಲ್ಲಿಸುತ್ತಾನೆ? ಇನ್ನು ಸ್ವಲ್ಪ ವರ್ಷದಲ್ಲಿ ಇದೂ ಮುಖ್ಯ ಲೋಕದ ಹಾಗೇ ಗೋಜಲಾಗುತ್ತದೆ ಅನ್ನುವುದು ನನ್ನ ಅನುಮಾನ. ಹಾಗಾಗದಿದ್ದರೆ ನನಗೇ ಸಂತೋಷ.

ತಲೆ ತಿಂದ ವಿಷಯ: ಹೆಸರು

ಈಗ ನಿಜವಾದ ಗೋಳಿಗೆ ಬರೋಣ. ಈ ಎರಡೂ ಸಾಲುಗಳನ್ನು ನಮ್ಮಲ್ಲಿ ಆನ್‌ಲೈನ್‌ನಲ್ಲಿ ಕೊಳ್ಳುವುದು ಅಂದರೆ ತಲೆ ಕೆಟ್ಟು ಗೊಬ್ಬರವಾಗುವ ಕೆಲಸ. ಕಾರಣ ಬೆಲೆಯಲ್ಲ, ಸ್ಟಾಕ್ ಅಲ್ಲ, ಹೆಸರು.

ಮಾರ್ವೆಲ್‌ಗೆ 2000ದಲ್ಲೇ ಒಂದು ಅಲ್ಟಿಮೇಟ್ ಸಾಲು ಇತ್ತು. ಅದರಲ್ಲೂ ಒಂದು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್. ಬ್ರಯಾನ್ ಮೈಕಲ್ ಬೆಂಡಿಸ್ ಬರೆದದ್ದು, ಮಾರ್ಕ್ ಬ್ಯಾಗ್ಲಿ ಚಿತ್ರಿಸಿದ್ದು. ಅಲ್ಲಿ ಪೀಟರ್ ಹದಿನೈದರ ಹುಡುಗ, ಹೈಸ್ಕೂಲು. ಅದಕ್ಕೂ ಒಂದನೇ ಸಂಪುಟ ಇದೆ, ಹೊಸದಕ್ಕೂ ಒಂದನೇ ಸಂಪುಟ ಇದೆ. ಎರಡರ ಹೆಸರೂ ಒಂದೇ. 2011ರಿಂದ ಮೈಲ್ಸ್ ಮೊರಾಲೆಸ್ ಅನ್ನುವ ಇನ್ನೊಬ್ಬ ಸ್ಪೈಡರ್‌ಮ್ಯಾನ್ ಬಂದ ಮೇಲೆ ಅವನದ್ದೂ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಶುರುವಾಯಿತು.

ನಾನು ಒಬ್ಬ ಆನ್‌ಲೈನ್ ಮಾರಾಟಗಾರರ ಹತ್ತಿರ 2024ರ ಸಂಪುಟ ತರಿಸಿದೆ. ಪುಟದಲ್ಲಿ ಇದ್ದ ಮುಖಪುಟದ ಚಿತ್ರ ಹೊಸದ್ದೇ. ಕೆಳಗಿನ ವಿವರದಲ್ಲಿ ಹಿಕ್‌ಮನ್ ಹೆಸರೂ ಇತ್ತು. ಬಂದ ಪೊಟ್ಟಣ ಬಿಚ್ಚಿದರೆ ಒಳಗೆ ಬೆಂಡಿಸ್, ಬ್ಯಾಗ್ಲಿ. ವಾಪಸ್ ಕಳಿಸುತ್ತೇನೆ ಅಂದರೆ, ನೀವು ಕೇಳಿದ್ದು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಒಂದನೇ ಸಂಪುಟ, ಬಂದದ್ದೂ ಅದೇ, ತಪ್ಪೇನು ಅಂತ ಉತ್ತರ! ಅವರ ಕಣ್ಣಿಗೆ ಅದು ನಿಜವೇ. ಗ್ರಾಹಕ ಸೇವೆಯ ಹುಡುಗನಿಗೆ ಫೋನಿನಲ್ಲಿ ಎರಡು ಬೇರೆ ಬೇರೆ ಲೋಕದ ಪೀಟರ್ ಪಾರ್ಕರ್‌ಗಳ ವ್ಯತ್ಯಾಸ ವಿವರಿಸುವ ಸುಖ ನಿಮಗೆ ಬೇಡ. ‘ಸಾರ್, ಇದರಲ್ಲಿ ಸ್ಪೈಡರ್‌ಮ್ಯಾನ್ ಇದ್ದಾನಲ್ವಾ?’ ಅಂತ ಕೇಳಿದ. ಇದ್ದಾನಪ್ಪ, ಆದರೆ ಮದುವೆ ಆಗಿಲ್ಲ ಅಂದೆ. ಮನೆಯವಳು ಪಕ್ಕದಲ್ಲಿ ಕೂತು ನಗುತ್ತಿದ್ದಳು. ಎರಡೂ ಮುಖಪುಟದ ಫೋಟೊ, ಎರಡರ ಐಎಸ್‌ಬಿಎನ್, ಆರ್ಡರ್ ಪುಟದ ಸ್ಕ್ರೀನ್‌ಶಾಟ್ ಎಲ್ಲ ಕಳಿಸಿದ ಮೇಲೆ ದುಡ್ಡು ವಾಪಸ್ ಬಂತು.

ಆ ಪುಟದ ಕೆಳಗಿನ ವಿಮರ್ಶೆಗಳನ್ನು ಓದಿದರೆ ಇನ್ನೂ ಮಜಾ. ಒಬ್ಬರು ಮಕ್ಕಳಿರುವ ಪೀಟರ್ ಬಗ್ಗೆ ಬರೆದಿದ್ದಾರೆ, ಮೇಲಿನವರು ಶಾಲೆಗೆ ಹೋಗುವ ಪೀಟರ್ ಬಗ್ಗೆ. ಎರಡು ಪುಸ್ತಕದ ನಕ್ಷತ್ರಗಳೂ ಒಂದೇ ರಾಶಿ.

ಡೀಸಿಯವರು ಇದಕ್ಕಿಂತ ಬುದ್ಧಿವಂತರು ಅಂದುಕೊಂಡರೆ ಅದೂ ಇಲ್ಲ. ದೊಡ್ಡ ಆಕಾರದ, ಗಟ್ಟಿ ರಟ್ಟಿನ, ಪೆಟ್ಟಿಗೆಯೊಳಗೆ ಕೂರುವ ದುಬಾರಿ ಪುಸ್ತಕಗಳಿಗೆ ಅವರು ಎರಡು ದಶಕದಿಂದ ಅಬ್ಸಲ್ಯೂಟ್ ಎಡಿಷನ್ ಅಂತಲೇ ಕರೆಯುತ್ತಿದ್ದಾರೆ. ಬ್ಯಾಟ್‌ಮ್ಯಾನ್‌ನ ಹಳೆಯ ಹೆಸರಾಂತ ಕಥೆಗಳೆಲ್ಲ ಆ ರೂಪದಲ್ಲಿ ಬಂದಿವೆ. ಈಗ ಹೊಸ ಲೋಕಕ್ಕೂ ಅದೇ ಹೆಸರಿಟ್ಟರು. ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಅಂತ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಪೇಪರ್‌ಬ್ಯಾಕ್‌ನ ಹಲವು ಪಟ್ಟು ಬೆಲೆ ಕಂಡರೆ ಗಾಬರಿಯಾಗಬೇಡಿ, ಅದು ಆ ಪೆಟ್ಟಿಗೆ ಪುಸ್ತಕ. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಹೆಸರಿಡುವ ದಿನ ಯಾರೂ ಒಮ್ಮೆ ಹುಡುಕಿ ನೋಡಲಿಲ್ಲವಾ ಅನ್ನಿಸುತ್ತದೆ.

ಮುಖ್ಯ ಸಾಲುಗಳ ಕಥೆ ಇನ್ನೂ ಬಿಗಡಾಯಿಸಿದೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 2014, 2015, 2018, 2022, 2025, ಇಷ್ಟು ಸಲ ಮತ್ತೆ ಒಂದನೇ ಸಂಚಿಕೆಯಿಂದ ಶುರುವಾಗಿದೆ. ಒಂದು ಅಂತ ಬರೆದರೆ ಮಾರಾಟ ಜಾಸ್ತಿ, ಅದಕ್ಕೆ. ಪ್ರತಿ ಸಲವೂ ಒಂದನೇ ಸಂಪುಟ ಹುಟ್ಟುತ್ತದೆ. ಈ ವಿಷಯದಲ್ಲಿ ಡೀಸಿ ಸ್ವಲ್ಪ ವಾಸಿ. 2016ರಲ್ಲಿ ಶುರುವಾದ ಬ್ಯಾಟ್‌ಮ್ಯಾನ್ ನೂರಾ ಅರವತ್ತು ಚಿಲ್ಲರೆ ಸಂಚಿಕೆ ಒಂದೇ ಎಣಿಕೆಯಲ್ಲಿ ಓಡಿತು. 2025ರ ಸೆಪ್ಟೆಂಬರ್‌ನಲ್ಲಿ ಬರೆಯಲು ಮ್ಯಾಟ್ ಫ್ರ್ಯಾಕ್ಷನ್, ಚಿತ್ರಕ್ಕೆ ಹೋರ್ಹೆ ಹಿಮೆನೆಜ್ ಬಂದಾಗ ಮತ್ತೆ ಒಂದು ಮಾಡಿದರು.

ಕೊಳ್ಳುವವರಿಗೆ ನನ್ನ ಸಲಹೆ: ಸಂಪುಟದ ಸಂಖ್ಯೆಯನ್ನು ನಂಬಬೇಡಿ, ಹೆಸರು ನೋಡಿ. ಸ್ಪೈಡರ್‌ಮ್ಯಾನ್ ಆದರೆ ಹಿಕ್‌ಮನ್, ಉಪಶೀರ್ಷಿಕೆ ಮ್ಯಾರೀಡ್ ವಿತ್ ಚಿಲ್ಡ್ರನ್. ಬ್ಯಾಟ್‌ಮ್ಯಾನ್ ಆದರೆ ದಿ ಝೂ. ಅಲ್ಲಿ ಸ್ನೈಡರ್ ಹೆಸರು ಮಾತ್ರ ಸಾಲದು, ಅವನು ಹಿಂದೆಯೂ ವರ್ಷಗಟ್ಟಲೆ ಬ್ಯಾಟ್‌ಮ್ಯಾನ್ ಬರೆದವನು. ಡ್ರಗೊಟ್ಟ ಹೆಸರು ಇದ್ದರೆ ಸರಿಯಾದದ್ದು. ಆದಷ್ಟೂ ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ತಗೊಳ್ಳಿ. ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಹಳೆಯದ್ದೂ ಹೊಸದ್ದೂ ಸಿಗುತ್ತವೆ, ಒಳಗಿನ ಪುಟ ತೆರೆದು ನೋಡಬಹುದು.

ಇನ್‌ವಿನ್ಸಿಬಲ್: ಅಗ್ಗ, ಪೂರ್ಣ, ಭಾರ

ಮುಗಿಯುವ ಕಥೆ ಬೇಕು ಅಂದಿರಲ್ಲ, ಹಾಗಾದರೆ ಇನ್‌ವಿನ್ಸಿಬಲ್ ಯಾಕಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸರಿ ಇದೆ.

ಇಮೇಜ್ ಶುರುವಾದದ್ದು 1992ರಲ್ಲಿ. ಮಾರ್ವೆಲ್‌ನಲ್ಲಿ ಹೆಸರು ಮಾಡಿದ್ದ ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ, ರಾಬ್ ಲೈಫೆಲ್ಡ್ ಮುಂತಾದವರು ಹೊರಬಂದು ಕಟ್ಟಿದ್ದು. ಅಲ್ಲಿ ಪಾತ್ರದ ಹಕ್ಕು ಬರೆದವರದ್ದೇ. ಹಾಗಾಗಿ ನಿಲ್ಲಿಸಬೇಕು ಅನ್ನಿಸಿದಾಗ ನಿಲ್ಲಿಸಬಹುದು. ರಾಬರ್ಟ್ ಕರ್ಕ್‌ಮನ್ 2003ರಲ್ಲಿ ಶುರು ಮಾಡಿದ ಇನ್‌ವಿನ್ಸಿಬಲ್ ಅನ್ನು 2018ರಲ್ಲಿ 144ನೇ ಸಂಚಿಕೆಗೆ ಮುಗಿಸಿದರು. ಕೋರಿ ವಾಕರ್, ರಯಾನ್ ಓಟ್ಲಿ ಚಿತ್ರ. ಕಂಪೆಂಡಿಯಂ ಅನ್ನುವ ಮೂರು ದಪ್ಪ ಸಂಗ್ರಹಗಳಲ್ಲಿ ಪೂರ್ತಿ ಕಥೆ ಸಿಗುತ್ತದೆ. ಪುಟದ ಲೆಕ್ಕದಲ್ಲಿ ಇಷ್ಟು ಅಗ್ಗದ ಸೂಪರ್‌ಹೀರೊ ಕಥೆಯನ್ನು ನಾನು ಬೇರೆ ಕಂಡಿಲ್ಲ. ಹೀರೊ ಮಾರ್ಕ್ ಗ್ರೇಸನ್ ನಮ್ಮ ಕಣ್ಣ ಮುಂದೆಯೇ ಬೆಳೆಯುತ್ತಾನೆ, ಸೋಲುತ್ತಾನೆ, ಅಪ್ಪನಾಗುತ್ತಾನೆ. ಕಾರ್ಟೂನ್ ಸರಣಿ ನೋಡಿದವರಿಗೂ ಪುಸ್ತಕ ಬೇಸರ ಬರಿಸುವುದಿಲ್ಲ.

ಆದರೆ ಒಂದೊಂದೂ ಸಾವಿರ ಪುಟದ ಆಸುಪಾಸು. ಮಲಗಿಕೊಂಡು ಓದಲು ಹೋದರೆ ಎದೆ ಮೇಲೆ ರುಬ್ಬುವ ಗುಂಡು ಇಟ್ಟ ಹಾಗೆ. ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಓದಬೇಕು. ಆಫೀಸಿನಲ್ಲಿ ಅದೇ ಭಂಗಿ, ಮನೆಯಲ್ಲೂ ಅದೇ ಅಂದರೆ ನನ್ನಿಂದಾಗದು. ರಕ್ತವೂ ಜಾಸ್ತಿ. ಮುಖ ಜಜ್ಜುವುದನ್ನು ಓಟ್ಲಿ ಬಹಳ ಪ್ರೀತಿಯಿಂದ ಬರೆಯುತ್ತಾನೆ. ಮನೆಯಲ್ಲಿ ಎಂಟು ವರ್ಷದ ಮಗಳು ಇರುವಾಗ ಅದನ್ನು ತೆರೆದಿಟ್ಟು ಎದ್ದು ಹೋಗುವ ಹಾಗಿಲ್ಲ. ಮೇಜು, ಏಕಾಂತ, ಗಟ್ಟಿ ಮಣಿಕಟ್ಟು ಇರುವವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ನಾನು ಮೊದಲನೆಯದನ್ನು ಮುಗಿಸಿ ತಮ್ಮನ ಮನೆಗೆ ಸಾಗಿಸಿದ್ದೇನೆ.

ಆ್ಯಪ್ ಸಾಲದಾ?

ಮಾರ್ವೆಲ್ ಅನ್‌ಲಿಮಿಟೆಡ್ ಅನ್ನುವ ಚಂದಾ ಇದೆ. ತಿಂಗಳಿಗೆ 9.99 ಡಾಲರ್, ವರ್ಷಕ್ಕಾದರೆ 69. ಮೂವತ್ತು ಸಾವಿರಕ್ಕೂ ಹೆಚ್ಚು ಕಾಮಿಕ್ಸ್. ಹೊಸದು ಮುದ್ರಣವಾಗಿ ಮೂರು ತಿಂಗಳಿಗೆ ಬರುತ್ತದೆ. ಮೊಬೈಲಿನಲ್ಲಿ ಓದುವ ರೂಢಿ ಇದ್ದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಡಾಲರಿನಲ್ಲಿ ಕಟ್ಟುವುದರಿಂದ ಕಾರ್ಡಿನವರು ತಮ್ಮ ಪಾಲು ಸೇರಿಸುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನನಗೆ ಸರಿಹೋಗಲಿಲ್ಲ, ಯಾಕೆ ಅಂತ ಒಂದೇ ಉದಾಹರಣೆ ಸಾಕು. ದಿ ಅಲ್ಟಿಮೇಟ್ಸ್ ನಾಲ್ಕನೇ ಸಂಚಿಕೆ ಡೂಮ್‌ನದ್ದು. ಈ ಲೋಕದಲ್ಲಿ ಡೂಮ್ ಅಂದರೆ ಮೇಕರ್ ಕೈಯಲ್ಲಿ ಹಿಂಸೆ ಪಟ್ಟ ಇನ್ನೊಬ್ಬ ರೀಡ್ ರಿಚರ್ಡ್ಸ್. ಪುಟವನ್ನು ಅಡ್ಡಡ್ಡ ನಾಲ್ಕು ಪಟ್ಟಿ ಮಾಡಿದ್ದಾರೆ. ಒಂದೊಂದು ಪಟ್ಟಿ ಅವನ ಬದುಕಿನ ಒಂದೊಂದು ಕಾಲ. ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಕ್ಷಣಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಒಂದೇ ಪಟ್ಟಿ ಹಿಡಿದು ಪುಟದಿಂದ ಪುಟಕ್ಕೆ ಹೋದರೆ ಬೇರೆಯೇ ಕಥೆ ಬಿಚ್ಚಿಕೊಳ್ಳುತ್ತದೆ. ಕಾಗದದಲ್ಲಿ ಬೆರಳಿಟ್ಟು ಹಿಂದೆ ಮುಂದೆ ಹೋಗುತ್ತಾ ಓದಿದೆ. ಮೊಬೈಲಿನಲ್ಲಿ ಒಂದೊಂದು ಚೌಕವಾಗಿ ಸರಿಸುತ್ತಾ ಹೋದರೆ ಈ ಆಟವೇ ಸತ್ತುಹೋಗುತ್ತದೆ. ದೊಡ್ಡ ಟ್ಯಾಬ್ ಇರುವವರಿಗೆ ಪರವಾಗಿಲ್ಲ. ಡೀಸಿಯನ್ನು ನಾನು ಓದುವುದು ಕಾಗದದಲ್ಲಿ ಮಾತ್ರ, ಅವರ ಆ್ಯಪ್ ಬಗ್ಗೆ ಮಾತಾಡುವುದಿಲ್ಲ.

ಕಾಗದದಲ್ಲೇ ಅಗ್ಗ ಬೇಕಾದರೆ ಡೀಸಿಯ ಕಾಂಪ್ಯಾಕ್ಟ್ ಕಾಮಿಕ್ಸ್ ಇದೆ. 2024ರಲ್ಲಿ ಶುರುವಾದದ್ದು, ಮುಖಬೆಲೆ 9.99 ಡಾಲರ್, ಕಾದಂಬರಿ ಗಾತ್ರ. ಹಳೆಯ ಒಳ್ಳೊಳ್ಳೆಯ ಕಥೆಗಳೇ ಬಂದಿವೆ. ಕೋರ್ಟ್ ಆಫ್ ಔಲ್ಸ್‌ನಲ್ಲಿ ಬ್ಯಾಟ್‌ಮ್ಯಾನ್ ಚಕ್ರವ್ಯೂಹದೊಳಗೆ ದಿಕ್ಕು ತಪ್ಪುವ ಭಾಗ ಇದೆಯಲ್ಲ, ಅಲ್ಲಿ ಪುಟವೇ ತಿರುಗುತ್ತಾ ಹೋಗುತ್ತದೆ. ಪುಸ್ತಕ ಅಡ್ಡ ಹಿಡಿಯಬೇಕು, ಆಮೇಲೆ ತಲೆಕೆಳಗು. ಓದುವವನಿಗೂ ಯಾವ ಕಡೆ ಮೇಲು ಅಂತ ಗೊತ್ತಾಗದು. ಸಣ್ಣ ಪುಸ್ತಕವಾದ್ದರಿಂದ ಮಲಗಿದಲ್ಲೇ ಸಲೀಸಾಗಿ ತಿರುಗಿಸಿದೆ. ಆದರೆ ಅಕ್ಷರ ಚಿಕ್ಕದು. ನಲವತ್ತು ದಾಟಿದವರು ಕನ್ನಡಕ ಹುಡುಕಿಕೊಂಡೇ ಕೂರಬೇಕು. ಎರಡು ಪುಟಕ್ಕೆ ಹರಡಿದ ಚಿತ್ರಗಳ ನಡುಭಾಗ ಹೊಲಿಗೆಯೊಳಗೆ ನುಂಗಿಹೋಗುತ್ತದೆ. ಮಾರ್ವೆಲ್ ಕೂಡ 2025ರಲ್ಲಿ ಪ್ರೀಮಿಯರ್ ಕಲೆಕ್ಷನ್ ಅಂತ ಇಂಥದ್ದೇ ತಂದಿದೆ, 14.99 ಡಾಲರ್. ಎರಡರಲ್ಲಿ ಡೀಸಿಯದ್ದೇ ಅಗ್ಗ.

ಬೆಲೆಯ ಮಾತು ಬಂದಾಗ ಹೊಟ್ಟೆ ಉರಿಯುವ ಒಂದು ಸಂಗತಿ. 2000ನೇ ಇಸವಿಯ ಆಸುಪಾಸಿನಲ್ಲಿ ಗೋಥಮ್ ಕಾಮಿಕ್ಸ್ ಅಂತ ಇತ್ತು, ನಮ್ಮ ಬೆಂಗಳೂರಿನಲ್ಲೇ ಕಚೇರಿ. ಮಾರ್ವೆಲ್, ಡೀಸಿ ಸಂಚಿಕೆಗಳನ್ನು ಇಲ್ಲೇ ಮುದ್ರಿಸಿ ನಮ್ಮ ಕೈಗೆಟುಕುವ ಬೆಲೆಗೆ ಮಾರುತ್ತಿದ್ದರು. 2004ರಲ್ಲಿ ಸ್ಪೈಡರ್‌ಮ್ಯಾನ್ ಇಂಡಿಯಾ ತಂದದ್ದೂ ಅವರೇ. ಧೋತಿ ಉಟ್ಟ ಪವಿತ್ರ್ ಪ್ರಭಾಕರ್‌ನನ್ನು ಚಿತ್ರಿಸಿದ್ದು ಜೀವನ್ ಕಾಂಗ್. ಆ ಹುಡುಗ 2023ರಲ್ಲಿ ಹಾಲಿವುಡ್ ಪರದೆ ಮೇಲೂ ಜಿಗಿದ. ಅದಕ್ಕೂ ಹಿಂದೆ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಕನ್ನಡ ಮಾತಾಡುತ್ತಿದ್ದ. ಬಾಲಮಂಗಳದ ಡಿಂಗ ಇದ್ದ. ಈಗ ಕನ್ನಡದಲ್ಲಿ ಹೋಗಲಿ, ಇಂಗ್ಲಿಷಿನಲ್ಲೂ ಇಲ್ಲಿ ಮುದ್ರಿಸಿ ಅಷ್ಟು ಅಗ್ಗದಲ್ಲಿ ಕೊಡುವುದು ನನ್ನ ಕಣ್ಣಿಗೆ ಬಿದ್ದಿಲ್ಲ. ಡಾಲರ್ ಏರಿದ ಹಾಗೆ ಸ್ಪೈಡರ್‌ಮ್ಯಾನೂ ಗೋಡೆ ಏರುತ್ತಾನೆ.

ಹಾಗಾದರೆ ಯಾರಿಗೆ ಯಾವುದು

ಮದುವೆಯಾಗಿ, ಮಕ್ಕಳಾಗಿ, ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುವವರು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ತಗೊಳ್ಳಿ. ಒಂದೊಂದೇ ಸಂಪುಟ, ಅವಸರ ಬೇಡ. ಹೈಸ್ಕೂಲಿನ ಮಕ್ಕಳೂ ಓದಬಹುದು.

ಚಿತ್ರಕ್ಕಾಗಿಯೇ ಕಾಮಿಕ್ಸ್ ಕೊಳ್ಳುವವರು ನನ್ನ ಮಾತು ಕೇಳಬೇಡಿ, ಅಬ್ಸಲ್ಯೂಟ್ ವಂಡರ್ ವುಮನ್‌ಗೆ ಹೋಗಿ. ಬ್ಯಾಟ್‌ಮ್ಯಾನ್ ಆಮೇಲೆ. ಅದರಲ್ಲಿ ಹೊಡೆದಾಟ ಕ್ರೂರವಾಗಿದೆ, ಸಣ್ಣ ಮಕ್ಕಳ ಕೈಗೆ ಬೇಡ. ಅಬ್ಸಲ್ಯೂಟ್ ಸೂಪರ್‌ಮ್ಯಾನ್ ನನಗೆ ಅಷ್ಟೇನೂ ಹತ್ತಲಿಲ್ಲ.

ಒಂದೇ ಸಲ ದುಡ್ಡು ಸುರಿದು ವರ್ಷಪೂರ್ತಿ ಓದುವವರಿಗೆ ಇನ್‌ವಿನ್ಸಿಬಲ್.

ಅಂದ ಹಾಗೆ, ಅಬ್ಸಲ್ಯೂಟ್ ಸಾಲಿನಲ್ಲಿ ನಾನು ಮುಂದೆ ಕೊಳ್ಳುವುದು ಒಂದೇ, ಮಾರ್ಷಿಯನ್ ಮ್ಯಾನ್‌ಹಂಟರ್. ದಿ ಅಲ್ಟಿಮೇಟ್ಸ್ ಬರೆದ ಡೆನಿಜ್ ಕ್ಯಾಂಪ್ ಅವರೇ ಅಲ್ಲೂ ಬರೆದಿದ್ದಾರೆ, ಚಿತ್ರ ಹಾವಿಯೆರ್ ರೊಡ್ರಿಗೆಜ್. ಎಫ್‌ಬಿಐ ಏಜೆಂಟ್ ಒಬ್ಬನ ತಲೆಯೊಳಗೆ ಮಂಗಳ ಗ್ರಹದ್ದೊಂದು ಬಂದು ಕೂರುತ್ತದೆ. ಆಮೇಲೆ ಜನರ ಯೋಚನೆಗಳು ಅವನ ಕಣ್ಣಿಗೆ ಬಣ್ಣ ಬಣ್ಣದ ಹೊಗೆಯಾಗಿ ಕಾಣುತ್ತವೆ. ಮೊದಲು ಆರು ಸಂಚಿಕೆ ಅಂದಿದ್ದರು, ಜನ ಇಷ್ಟಪಟ್ಟರು ಅಂತ ಹನ್ನೆರಡು ಮಾಡಿದರು. ಹನ್ನೆರಡು ಅಂದರೆ ಎರಡು ಪೇಪರ್‌ಬ್ಯಾಕ್. ಅಷ್ಟಾದರೆ ನನ್ನ ರ್‍ಯಾಕೂ ಒಪ್ಪುತ್ತದೆ.